ಜಾಹೀರಾತಿನ ಭೂತಗನ್ನಡಿ ನನಗೆ ಅಲ್ಲಿ ಸಿಗಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಶಿಕ್ಷಣ ಪುಟದ ಕೆಳಗೆ ಕಾಲು ಪುಟದ ಜಾಹೀರಾತೊಂದು ಬಂದಿತ್ತು. ಉದ್ದ ಕೋಟು ತೊಟ್ಟ ಹುಡುಗಿಯೊಬ್ಬಳು ಭೂತಗನ್ನಡಿ ಹಿಡಿದು ನೆಲದ ಮೇಲಿನ ಹೆಜ್ಜೆಗುರುತು ನೋಡುತ್ತಿದ್ದಾಳೆ. ‘ವಿದೇಶದಲ್ಲಿ ಕ್ರಿಮಿನಾಲಜಿ ಓದಿ, ತನಿಖಾಧಿಕಾರಿಯಾಗಿ! ಒಂದೇ ವರ್ಷದಲ್ಲಿ ಸ್ನಾತಕೋತ್ತರ ಪದವಿ!’ ಬರುವ ಶನಿವಾರ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಉಚಿತ ಸಮಾಲೋಚನೆಯಂತೆ. ಮೂರು ವರ್ಷಗಳ ಹಿಂದೆ ಇಂಥದ್ದೇ ಜಾಹೀರಾತು ನೋಡಿ, ಇಂಥದ್ದೇ ಹೋಟೆಲಿನಲ್ಲಿ ಉಚಿತ ಚಹಾ ಕುಡಿದು ಮ್ಯಾಂಚೆಸ್ಟರಿಗೆ ಹೋಗಿ ಬಂದವಳು ನಾನು. ಆ ಚಹಾ ನಮ್ಮ ಮನೆಗೆ ಒಟ್ಟು 38 ಲಕ್ಷ ರೂಪಾಯಿ ಬಿದ್ದಿದೆ. ಹಾಗಾಗಿ ಪತ್ರ ಉದ್ದವಾದರೆ ಕ್ಷಮಿಸಿ. ಕತ್ತರಿ ಆಡಿಸುವುದೇ ಆದರೆ ಹಣದ ಲೆಕ್ಕವನ್ನು ಮಾತ್ರ ಉಳಿಸಿಕೊಡಿ.

ನನ್ನ ತಂದೆ ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತರಾದವರು. ನಾನು ಸಮಾಜಶಾಸ್ತ್ರದಲ್ಲಿ ಬಿ.ಎ. ಕ್ರಿಮಿನಾಲಜಿ ಓದಲು ಹೊರಟಿದ್ದೇನೆ ಎಂದಾಗ ಚಿಕ್ಕಮ್ಮ ಕೇಳಿದ ಮೊದಲ ಪ್ರಶ್ನೆ, ‘ಹೆಣ ಕೊಯ್ಯಬೇಕಾಗುತ್ತದೆಯೇ?’ ಅಪ್ಪನದು ಬೇರೆ ಧಾಟಿ. ‘ಕಳ್ಳರನ್ನು ಹಿಡಿಯುವುದನ್ನು ಕಲಿಯಲು ಅಷ್ಟು ದೂರ ಯಾಕೆ ತಂಗೀ? ನನ್ನ ಜತೆ ನಾಲ್ಕು ರಾತ್ರಿ ಗಸ್ತು ತಿರುಗಿದ್ದರೆ ಸಾಕಿತ್ತು.’ ಇಬ್ಬರೂ ತಪ್ಪು ತಿಳಿದಿದ್ದರು. ನಾನೇನು ಸರಿಯಾಗಿ ತಿಳಿದಿರಲಿಲ್ಲ. ಬೆರಳಚ್ಚು, ರಕ್ತದ ಕಲೆ, ಡಿಎನ್‌ಎ ಎಲ್ಲ ವಿಧಿವಿಜ್ಞಾನಕ್ಕೆ ಸೇರಿದ್ದು, ಅದಕ್ಕೆ ಬಿ.ಎಸ್ಸಿ. ಬೇಕು, ಪ್ರಯೋಗಾಲಯ ಬೇಕು. ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ಸಮಾಜಶಾಸ್ತ್ರದ ಮನೆಯ ಕೂಸು. ಒಂದು ಕೃತ್ಯ ಯಾವಾಗ ಅಪರಾಧ ಎನಿಸಿಕೊಳ್ಳುತ್ತದೆ, ಯಾರು ಸಿಕ್ಕಿಬೀಳುತ್ತಾರೆ, ಯಾರು ಬೀಳುವುದಿಲ್ಲ, ಶಿಕ್ಷೆಯಿಂದ ಏನಾಗುತ್ತದೆ ಎಂದು ಕೇಳುವ ವಿದ್ಯೆ ಅದು. ನನ್ನ ಇಡೀ ವರ್ಷದ ಪಠ್ಯದಲ್ಲಿ ಒಂದೇ ಒಂದು ಬೆರಳಚ್ಚು ಇರಲಿಲ್ಲ. ಹೋಟೆಲಿನಲ್ಲಿ ಚಹಾ ಕೊಟ್ಟವರು ಮಾತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಈಗ ಲೆಕ್ಕ. ನಾನು ಹೋದದ್ದು 2023ರ ಸೆಪ್ಟೆಂಬರಿನಲ್ಲಿ. ಬೋಧನಾ ಶುಲ್ಕ 23,500 ಪೌಂಡ್. ಆಗ ಪೌಂಡಿಗೆ 100 ರೂಪಾಯಿಗಿಂತ ಮೇಲಿತ್ತು. ಲಂಡನ್ ಹೊರಗೆ ಓದುವವರು ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚಿನ ಹಣವನ್ನು 28 ದಿನ ಅಲುಗಾಡಿಸದೆ ಖಾತೆಯಲ್ಲಿ ಇಟ್ಟು ತೋರಿಸಬೇಕಿತ್ತು. ಆ 28 ದಿನಗಳಲ್ಲಿ ಅವ್ವನಿಗೆ ಹಲ್ಲುನೋವು ಬಂತು. ಆ ಖಾತೆ ಮುಟ್ಟುವಂತಿಲ್ಲವೆಂದು ಸೋದರಮಾವನ ಹತ್ತಿರ ಕೈಗಡ ತಂದರು. ಬೆಂಗಳೂರಿಗೆ ಹೋಗಿ ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರ ತಂದೆ. ಆರೋಗ್ಯ ಸೇವೆಗೆಂದು ಮುಂಗಡ 705 ಪೌಂಡ್ ಕಟ್ಟಿದೆ. ಆಗ ವಿದ್ಯಾರ್ಥಿಗೆ ವರ್ಷಕ್ಕೆ 470 ಇದ್ದ ಆ ಶುಲ್ಕವನ್ನು 2024ರ ಫೆಬ್ರುವರಿಯಲ್ಲಿ 776ಕ್ಕೆ ಏರಿಸಿದ್ದಾರೆ. ಅಪ್ಪನ ನಿವೃತ್ತಿಯ ಹಣ ಹೋಯಿತು, ಮನೆಯ ಪತ್ರ ಬ್ಯಾಂಕಿಗೆ ಹೋಯಿತು, 28 ಲಕ್ಷ ಸಾಲವಾಯಿತು. ಹನ್ನೆರಡು ವರ್ಷ ತಿಂಗಳಿಗೆ 34 ಸಾವಿರ ಚಿಲ್ಲರೆ ಕಂತು.

‘ದುಡಿದು ತೀರಿಸಬಹುದು’ ಎಂದಿದ್ದರು. ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ರಜೆಯಲ್ಲಿ ಪೂರ್ತಿ ದುಡಿಯಬಹುದು ಎನ್ನುವುದು ನಿಜ, ಆದರೆ ಸ್ನಾತಕೋತ್ತರದವರಿಗೆ ಬೇಸಿಗೆ ರಜೆಯೇ ಅಲ್ಲ. ಅದು ಪದವಿಯ ಕೊನೆಯ ದೊಡ್ಡ ಪ್ರಬಂಧ ಬರೆಯುವ ಅವಧಿ, ಆಗಲೂ 20 ಗಂಟೆಯೇ. ಕನಿಷ್ಠ ವೇತನ ನಾನು ಹೋದಾಗ ಗಂಟೆಗೆ 10.42 ಪೌಂಡ್, ಮುಂದಿನ ಏಪ್ರಿಲಿನಿಂದ 11.44. ಒಂದು ಕೆಫೆಯ ಹಿಂಬದಿಯಲ್ಲಿ ಪಾತ್ರೆ ತೊಳೆದು, ಟೊಮೆಟೊ ಹೆಚ್ಚಿ, ವಾರಕ್ಕೆ ಇನ್ನೂರು ಚಿಲ್ಲರೆ ಪೌಂಡ್ ಗಳಿಸುತ್ತಿದ್ದೆ. ಅದರಲ್ಲಿ 130 ಪೌಂಡ್ ಕೋಣೆಯ ಬಾಡಿಗೆಗೆ. ಉಳಿದದ್ದರಲ್ಲಿ ಹೊಟ್ಟೆ ತುಂಬುತ್ತಿತ್ತು, ಸಾಲ ತೀರುತ್ತಿರಲಿಲ್ಲ.

ಓದಿನ ಕಥೆ ಹೇಳುತ್ತೇನೆ, ಏಕೆಂದರೆ ಅದೊಂದರ ಬಗ್ಗೆ ನನಗೆ ದೂರಿಲ್ಲ.

ಮೊದಲ ಪ್ರಬಂಧಕ್ಕೆ 52 ಅಂಕ ಬಂತು. ಪದವಿಯಲ್ಲಿ 84 ಶೇಕಡಾ ತೆಗೆದವಳು ನಾನು! ಅಲ್ಲಿ 50 ಎಂದರೆ ಪಾಸು, 60 ಮೆಚ್ಚುಗೆ, 70 ದಾಟಿದರೆ ಅತ್ಯುತ್ತಮ. 80 ಕಂಡವರು ಅಪರೂಪ. ಇದನ್ನು ಅವ್ವನಿಗೆ ಎಷ್ಟು ಬಿಡಿಸಿ ಹೇಳಿದರೂ ‘ಯಾರ ಮುಂದೆಯೂ ಹೇಳಬೇಡ’ ಎಂದಳು. ಅಂಕಕ್ಕಿಂತ ಕೆಳಗಿದ್ದ ಷರಾ ಹೆಚ್ಚು ಚುಚ್ಚಿತು: ವಿವರಣೆ ಹೆಚ್ಚು, ವಿಮರ್ಶೆ ಕಡಿಮೆ. ಹದಿನಾರು ವರ್ಷ ನಮಗೆ ಮೇಷ್ಟ್ರುಗಳು ಕಲಿಸಿದ್ದೇ ವಿವರಣೆ. ದೊಡ್ಡವರು ಹೇಳಿದ್ದನ್ನು ಒಪ್ಪವಾಗಿ ಜೋಡಿಸಿಟ್ಟರೆ ಪೂರ್ತಿ ಅಂಕ. ಅಲ್ಲಿ ಪ್ರಾಧ್ಯಾಪಕಿ ಕೇಳಿದ್ದು, ‘ಇವರು ಹೇಳಿದ್ದು ಗೊತ್ತಾಯಿತು. ನಿನಗೆ ಇದರಲ್ಲಿ ಎಲ್ಲಿ ಅನುಮಾನ?’ ಅನುಮಾನ ಪಡುವುದು ಅಪ್ಪನ ಕೆಲಸ ಎಂದುಕೊಂಡು ಬೆಳೆದವಳು ನಾನು.

ಅನುಮಾನ ಹುಟ್ಟಿದ್ದು ಅಂಕಿಅಂಶದ ತರಗತಿಯಲ್ಲಿ. ಪೊಲೀಸ್ ದಾಖಲೆಯಲ್ಲಿ ಇರುವುದು ಅಪರಾಧದ ಲೆಕ್ಕವಲ್ಲ, ದಾಖಲಾದ ಅಪರಾಧದ ಲೆಕ್ಕ. ದಾಖಲಾಗದೆ ಉಳಿದದ್ದನ್ನು ಆ ಶಾಸ್ತ್ರದವರು ಕತ್ತಲ ಅಂಕಿ ಎನ್ನುತ್ತಾರೆ. ಅದನ್ನು ಅಂದಾಜು ಮಾಡಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಸಮೀಕ್ಷೆ ನಡೆಯುತ್ತಿದೆ: ಮನೆಮನೆಗೆ ಹೋಗಿ, ‘ಕಳೆದ ವರ್ಷ ನಿಮಗೆ ಏನಾಯಿತು? ಪೊಲೀಸರಿಗೆ ಹೇಳಿದ್ದಿರೋ, ಇಲ್ಲವೋ?’ ಎಂದು ಕೇಳುತ್ತಾರೆ. ನಮ್ಮಲ್ಲಿ ಇರುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ಠಾಣೆಗಳ ಲೆಕ್ಕ. ಅದರಲ್ಲಿಯೂ ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧಗಳಿದ್ದರೆ ಎಲ್ಲಕ್ಕಿಂತ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ.

‘ನಮ್ಮ ದೇಶದ ಠಾಣೆಗಳಲ್ಲಿ ದೂರನ್ನೇ ತೆಗೆದುಕೊಳ್ಳುವುದಿಲ್ಲ’ ಎಂದು ನಾನು ತರಗತಿಯಲ್ಲಿ ತಲೆ ತಗ್ಗಿಸಿಕೊಂಡು ಹೇಳಿದೆ. ಪ್ರಾಧ್ಯಾಪಕಿ ನಕ್ಕು ಮುಂದಿನ ಪುಟ ತೆರೆದರು. 2020ರ ಡಿಸೆಂಬರಿನಲ್ಲಿ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ ಕೊಟ್ಟ ವರದಿ: ಆ ವರ್ಷದ ಜೂನ್‌ವರೆಗಿನ ಹನ್ನೆರಡು ತಿಂಗಳಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಸುಮಾರು 80,000 ಅಪರಾಧಗಳನ್ನು ದಾಖಲಿಸಿಯೇ ಇರಲಿಲ್ಲ. ಐದರಲ್ಲಿ ಒಂದು. ಅದೇ ತಿಂಗಳು ಆ ಪಡೆಯನ್ನು ವಿಶೇಷ ನಿಗಾಕ್ಕೆ ಒಳಪಡಿಸಿದರು.

ಅಂದು ರಾತ್ರಿ ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ಅಲ್ಲಿಯೂ ಹಾಗೆಯೇ?’ ಎಂದರು, ಧ್ವನಿಯಲ್ಲಿ ಎಷ್ಟೋ ವರ್ಷದ ಭಾರ ಇಳಿಸಿದ ಹಗುರ. ಆಮೇಲೆ ತಾವಾಗಿಯೇ ಬಾಯಿ ಬಿಟ್ಟರು. ಮೊಬೈಲ್ ಕದ್ದರೆಂದು ಯಾರಾದರೂ ಠಾಣೆಗೆ ಬಂದರೆ ದೂರು ಬರೆದುಕೊಳ್ಳುವ ರೈಟರ್ ಅವರನ್ನು ಕೂರಿಸಿ, ನೀರು ಕೊಟ್ಟು, ‘ಕಳುವಾಗಿದೆ ಎಂದು ಬರೆದರೆ ನಿಮಗೇ ತೊಂದರೆ, ಕೋರ್ಟಿಗೆ ಅಲೆಯಬೇಕು, ಕಳೆದುಹೋಗಿದೆ ಎಂದು ಬರೆಯಿರಿ’ ಎನ್ನುತ್ತಿದ್ದರಂತೆ. ಕಳುವು ಹೋಗಿ ಕಳೆಯಿತು ಎಂದಾಗುವಷ್ಟರಲ್ಲಿ ಅಪರಾಧವೇ ಮಾಯ. ‘ತಿಂಗಳ ಕ್ರೈಂ ಮೀಟಿಂಗಿನಲ್ಲಿ ಸಾಹೇಬರು ಬೈಯುವುದು ಅಂಕಿ ಏರಿದ್ದಕ್ಕೆ ತಂಗೀ, ದೂರು ಬರೆದುಕೊಳ್ಳದಿದ್ದಕ್ಕಲ್ಲ’ ಎಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಪ್ಪ ತಮ್ಮ ನೌಕರಿಯ ಬಗ್ಗೆ ನನ್ನೊಡನೆ ಇಷ್ಟು ಮಾತಾಡಿರಲಿಲ್ಲ.

ಕತ್ತಲ ಅಂಕಿಯ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಇದು ಅಪ್ಪನಿಗೆ ಗೊತ್ತಿಲ್ಲ. ನೀವು ಈ ಪತ್ರ ಪ್ರಕಟಿಸಿದರೆ ಬೆಳಿಗ್ಗೆ ಚಹಾದ ಜತೆ ಗೊತ್ತಾಗುತ್ತದೆ.

ನಾನು ಹೋದ ವರ್ಷದ ಡಿಸೆಂಬರಿನಲ್ಲಿ ಒಂದು ಸಂಜೆ, ನಾಲ್ಕು ಗಂಟೆಗೇ ಕತ್ತಲು, ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಿದ್ದೆ. ಫೋನ್ ಬಂತು. ಹೋಮ್ ಆಫೀಸಿನಿಂದ, ಅಂದರೆ ವೀಸಾ ನೋಡಿಕೊಳ್ಳುವ ಅಲ್ಲಿನ ಗೃಹ ಇಲಾಖೆಯಿಂದ, ಎಂದ ಒಬ್ಬ. ನನ್ನ ಹೆಸರು, ಕೋರ್ಸು, ಬಂದಿಳಿದ ತಿಂಗಳು ಎಲ್ಲ ಹೇಳಿದ. ವೀಸಾ ದಾಖಲೆಯಲ್ಲಿ ವಿಳಾಸ ತಾಳೆಯಾಗುತ್ತಿಲ್ಲ, ಇಂದೇ ಸರಿಪಡಿಸದಿದ್ದರೆ ಗಡಿಪಾರಿನ ನೋಟಿಸು ಹೊರಡುತ್ತದೆ, 380 ಪೌಂಡ್ ಠೇವಣಿ ಕಟ್ಟಿದರೆ ಪರಿಶೀಲನೆಯ ನಂತರ ಮರಳಿಸುತ್ತೇವೆ ಎಂದ. ಲೈನ್ ಕತ್ತರಿಸಬಾರದು, ಯಾರಿಗೂ ಹೇಳಬಾರದು. ಇಂದು ನಮ್ಮ ಊರುಗಳಲ್ಲಿ ನಿವೃತ್ತ ಶಿಕ್ಷಕರನ್ನೂ ವೈದ್ಯರನ್ನೂ ‘ಡಿಜಿಟಲ್ ಬಂಧನ’ದಲ್ಲಿ ಕೂರಿಸುವವರ ಕಸುಬೂ ಇದೇ. ನನ್ನ ಮೇಜಿನ ಮೇಲೆ ಆ ಹೊತ್ತಿಗೆ ಅರ್ಧ ಬರೆದಿಟ್ಟ ಪ್ರಬಂಧವೊಂದಿತ್ತು; ವಿಷಯ, ವಂಚನೆಗೆ ಒಳಗಾದವರು ದೂರು ಏಕೆ ಕೊಡುವುದಿಲ್ಲ ಎಂಬುದು. ನಾನು ಹಣ ಕಳಿಸಿದೆ. ಅನ್ನ ತಳ ಹಿಡಿದ ವಾಸನೆ ಬಂದಾಗಲೇ ಎಚ್ಚರವಾದದ್ದು. ಫೋನ್ ಅಷ್ಟರಲ್ಲಿ ಸತ್ತಿತ್ತು.

ದೂರು ಕೊಟ್ಟೆನೇ? ಇಲ್ಲ. ಬ್ಯಾಂಕಿಗೂ ಹೇಳಲಿಲ್ಲ. ಪರದೇಶದಲ್ಲಿ ಪೊಲೀಸರ ಪುಸ್ತಕದಲ್ಲಿ ಹೆಸರು ಬಂದರೆ ವೀಸಾಕ್ಕೆ ಏನಾದೀತೋ ಎಂಬ ಅಂಜಿಕೆ ಒಂದು ಕಡೆ. ದೂರುದಾರರಿಗೆ ಅದರಿಂದ ಏನೂ ಆಗುವುದಿಲ್ಲ ಎಂದು ಪುಸ್ತಕ ಓದಿ ಗೊತ್ತಿದ್ದರೂ ಅಂಜಿಕೆ ಪುಸ್ತಕ ಓದುವುದಿಲ್ಲ. ಅಪರಾಧಶಾಸ್ತ್ರದ ವಿದ್ಯಾರ್ಥಿನಿ, ಪೊಲೀಸಪ್ಪನ ಮಗಳು, ಫೋನಿನಲ್ಲಿ ಟೋಪಿ ಹಾಕಿಸಿಕೊಂಡಳು ಎನ್ನುವ ನಾಚಿಕೆ ಇನ್ನೊಂದು ಕಡೆ. ಅಲ್ಲಿನ ಸಮೀಕ್ಷೆಯ ಪ್ರಕಾರ ಒಟ್ಟು ಅಪರಾಧಗಳಲ್ಲಿ ಶೇಕಡಾ 40ರಷ್ಟು ವಂಚನೆಯೇ. ಅದರಲ್ಲಿ ಪೊಲೀಸರ ಕಿವಿ ಮುಟ್ಟುವುದು ಸ್ವಲ್ಪ. ಮುಟ್ಟದ್ದರಲ್ಲಿ ನನ್ನದೂ ಒಂದು. ಆ ಪ್ರಬಂಧಕ್ಕೆ 68 ಅಂಕ ಬಂತು. ‘ಬಲಿಪಶುಗಳ ಮನಸ್ಸನ್ನು ಚೆನ್ನಾಗಿ ಹಿಡಿದಿದ್ದೀರಿ’ ಎಂದು ಷರಾ!

ಇನ್ನು ನನ್ನನ್ನು ಇಂದಿಗೂ ಬಿಡದ ಒಂದು ತರಗತಿ. ಹಣೆಪಟ್ಟಿ ಹಚ್ಚಿದರೆ ಮನುಷ್ಯ ಏನಾಗುತ್ತಾನೆ ಎಂಬುದು ಅಂದಿನ ಪಾಠ. ಉದಾಹರಣೆಗೆಂದು ಪರದೆಯ ಮೇಲೆ ಬ್ರಿಟಿಷ್ ಭಾರತದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿ, ಪರವಾನಗಿ ಇಲ್ಲದೆ ಊರು ಬಿಡದಂತೆ ಕಟ್ಟಿಹಾಕಿದ ಕಾನೂನು. 1911ರ ತಿದ್ದುಪಡಿಯ ನಂತರ ಅದು ದಕ್ಷಿಣಕ್ಕೂ ಬಂತು. ಮುಂಬೈ ಪ್ರಾಂತ್ಯದಲ್ಲಿ ಬೇಲಿ ಸುತ್ತಿದ ವಸಾಹತುಗಳನ್ನು ತೆರೆದರು. ಆ ವಸಾಹತುಗಳ ಪಟ್ಟಿ ಪರದೆಯ ಮೇಲೆ ಬಂತು: ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿ.

‘ನೀವು ಆ ಕಡೆಯವರಲ್ಲವೇ? ಇದರ ಬಗ್ಗೆ ಕೇಳಿದ್ದೀರಾ?’ ಎಂದು ಪ್ರಾಧ್ಯಾಪಕಿ ಕೇಳಿದರು. ಇಲ್ಲ ಎಂದೆ. ಅದು ನಿಜವಾಗಿತ್ತು. ಆದರೆ ಕೂತ ಮೇಲೆ ಬೆನ್ನಲ್ಲಿ ಏನೋ ಹರಿದಂತಾಯಿತು. ನಮ್ಮ ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರಿನ ಭಾಗವಿದೆ. ಆಟೊದವರು ಹೇಳುತ್ತಾರೆ, ನಾನೂ ನೂರಾರು ಸಲ ಹೇಳಿದ್ದೇನೆ. ಜನ ಬಂದು ನೆಲೆನಿಂತ ಜಾಗ, ಅದಕ್ಕೇ ಆ ಹೆಸರು ಎಂದುಕೊಂಡಿದ್ದೆ. ಬೇಲಿಯೊಳಗೆ ಕೂಡಿಟ್ಟು ಹಾಜರಿ ಕೂಗುತ್ತಿದ್ದ ಜಾಗದ ಸರಕಾರಿ ಹೆಸರು ಅದು ಎನ್ನುವುದನ್ನು, ಹುಟ್ಟಿ ಬೆಳೆದ ಊರಿನಿಂದ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ, ಮೋಡ ಮುಸುಕಿದ ಮಂಗಳವಾರ ಮಧ್ಯಾಹ್ನ ತಿಳಿದೆ. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು. ಓಣಿಗೆ ಅಂಟಿದ ಹೆಸರು ಅಂಟಿಯೇ ಇದೆ.

ಅಪ್ಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ‘ರಾತ್ರಿ ಮನೆಗಳ್ಳತನ ಆದರೆ ಬೆಳಿಗ್ಗೆ ನಿಮ್ಮ ಜೀಪು ಮೊದಲು ಯಾವ ಓಣಿಗೆ ಹೋಗುತ್ತಿತ್ತು?’ ಬಹಳ ಹೊತ್ತು ಉತ್ತರ ಬರಲಿಲ್ಲ. ‘ಹಳೆಯ ಅಪರಾಧಿಗಳೆಂದು ಠಾಣೆಯಲ್ಲಿ ಬರೆದಿಟ್ಟ ಎಂಓಬಿ ಆಸಾಮಿಗಳ ಪಟ್ಟಿ ಇರುತ್ತದೆ. ಅದರ ಪ್ರಕಾರ ಹೋಗುತ್ತಿದ್ದೆವು’ ಎಂದರು. ‘ಪಟ್ಟಿ ಮಾಡಿದವರು ಯಾರು?’ ‘ನಾನು ಸೇರುವ ಮೊದಲೇ ಇತ್ತು.’ ಆಮೇಲೆ ಊಟ ಆಯಿತೇ ಎಂದು ಕೇಳಿ ಫೋನ್ ಇಟ್ಟರು.

ಇದೇ ನನ್ನ ಕೊನೆಯ ದೊಡ್ಡ ಪ್ರಬಂಧದ ವಿಷಯವಾಯಿತು. ನಿವೃತ್ತ ಪೊಲೀಸರನ್ನು ಮಾತನಾಡಿಸಬೇಕೆಂದಿದ್ದೆ. ಸಂಶೋಧನಾ ನೀತಿ ಸಮಿತಿಯ ಅರ್ಜಿ ಹದಿನೇಳು ಪುಟ. ಮಾತನಾಡುವವರಿಗೆ ನೋವಾದರೆ ಏನು ಮಾಡುತ್ತೀರಿ, ಅವರು ಯಾವುದೋ ಅಪರಾಧ ಒಪ್ಪಿಕೊಂಡರೆ ಏನು ಮಾಡುತ್ತೀರಿ, ಅವರಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ. ಕೊನೆಯ ಪ್ರಶ್ನೆಗೆ ‘ತಂದೆ’ ಎಂದು ಬರೆದೆ. ಅರ್ಜಿ ವಾಪಸು ಬಂತು. ಏಳು ವಾರ ಹೋದವು. ಹಳೆಯ ಕಾಗದಪತ್ರಗಳನ್ನೇ ನೆಚ್ಚಿಕೊಂಡೆ. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳಾಗಿ ಇವೆ. ಆದರೆ 2023ರ ಅಕ್ಟೋಬರಿನಲ್ಲಿ ಆ ಗ್ರಂಥಾಲಯದ ಗಣಕಜಾಲದ ಮೇಲೆ ಸುಲಿಗೆಕೋರರ ಸೈಬರ್ ದಾಳಿಯಾಗಿ ತಿಂಗಳುಗಟ್ಟಲೆ ಸೂಚಿಯೇ ತೆರೆಯುತ್ತಿರಲಿಲ್ಲ. ನೂರು ವರ್ಷದ ಹಿಂದೆ ಹುಬ್ಬಳ್ಳಿಯವರನ್ನು ಅಪರಾಧಿಗಳೆಂದು ಬರೆದಿಟ್ಟ ಕಡತವನ್ನು, ಇಂದಿನ ನಿಜವಾದ ಅಪರಾಧಿಗಳ ದೆಸೆಯಿಂದ ಓದಲಾಗದೆ ಕೂತಿದ್ದೆ. ಬೇಸಿಗೆಯಲ್ಲಿ ರಾತ್ರಿ ಬಸ್ಸು ಹಿಡಿದು ನಾಲ್ಕು ಸಲ ಲಂಡನ್ನಿಗೆ ಹೋಗಿ, ಸಿಕ್ಕಷ್ಟು ಓದಿ ಬಂದೆ. ಅದರ ನಡುವೆ 2024ರ ಜುಲೈ 1ಕ್ಕೆ ನಮ್ಮ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಪ್ರಬಂಧದ ಅಡಿಟಿಪ್ಪಣಿಗಳನ್ನೆಲ್ಲ ತಿದ್ದಿದೆ. ಕಳ್ಳತನದ ಕಲಂ 379 ಈಗ 303. ಅಪ್ಪನಿಗೆ ಇದು ನನ್ನ 52 ಅಂಕಕ್ಕಿಂತ ದೊಡ್ಡ ಆಘಾತ.

ಒಂದು ಅಡ್ಡ ಮಾತು. ಪರಿಶಿಷ್ಟ ಜಾತಿಯ ಮತ್ತು ವಿಮುಕ್ತ, ಅಂದರೆ ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದ, ಬುಡಕಟ್ಟುಗಳ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಕೇಂದ್ರ ಸರಕಾರದ ವಿದ್ಯಾರ್ಥಿವೇತನವೊಂದಿದೆ. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜವನ್ನು ಕುರಿತ ವಿಷಯಗಳಿಗೆ ಅದು ಸಿಗುವುದಿಲ್ಲವೆಂದು 2022ರಲ್ಲಿ ನಿಯಮ ತಂದರು. ಅಂದರೆ ನಾನು ಸಾಲ ಮಾಡಿ ಓದಿದ ಈ ವಿಷಯವನ್ನು, ಆ ಸೆಟ್ಲ್‌ಮೆಂಟಿನ ಮನೆಯ ಹುಡುಗಿಯೊಬ್ಬಳು ಆ ಹಣದಲ್ಲಿ ಓದುವಂತಿಲ್ಲ. ಅವಳ ಅಜ್ಜನ ಹಾಜರಿ ಪುಸ್ತಕ ಲಂಡನ್ನಿನಲ್ಲಿ ಇದ್ದರೂ.

ನೌಕರಿಯ ವಿಷಯಕ್ಕೆ ಬರುತ್ತೇನೆ, ಜಾಹೀರಾತಿನ ಭೂತಗನ್ನಡಿ ಇರುವುದು ಅಲ್ಲಿ. ಇಂಗ್ಲೆಂಡಿನಲ್ಲಿ ಪೊಲೀಸ್ ಅಧಿಕಾರಿಯಾಗಲು ಭಾರತೀಯರಿಗೆ ಅಡ್ಡಿಯಿಲ್ಲ, ಆದರೆ ಅಲ್ಲಿ ಯಾವ ವಲಸೆ ನಿರ್ಬಂಧವೂ ಇಲ್ಲದೆ ನೆಲೆಸುವ ಹಕ್ಕು ಇರಬೇಕು. ವಿದ್ಯಾರ್ಥಿ ವೀಸಾದವರಿಗೆ ಅದು ಇರುವುದಿಲ್ಲ. ಅಷ್ಟೇ, ಆ ಬಾಗಿಲು ಅಲ್ಲಿಗೆ ಮುಚ್ಚಿತು. ಕೈದಿಗಳ ಕುಟುಂಬಗಳಿಗೆ ನೆರವಾಗುವ ಒಂದು ಸಂಸ್ಥೆಯಲ್ಲಿ ಸಂಬಳವಿಲ್ಲದೆ ದುಡಿಯಲು ಅರ್ಜಿ ಹಾಕಿದೆ. ಕಳೆದ ಐದು ವರ್ಷದ ವಿಳಾಸ, ಊರಿನ ಪೊಲೀಸರಿಂದ ನಡತೆಯ ಪ್ರಮಾಣಪತ್ರ ಕೇಳಿದರು. ಎಎಸ್‌ಐ ಮಗಳಿಗೆ ನಡತೆಯ ಪ್ರಮಾಣಪತ್ರ! ಅಪ್ಪ ಓಡಾಡಿದರು, ಅದು ಕೈಗೆ ಬರುವಷ್ಟರಲ್ಲಿ ಅಲ್ಲಿನ ಜಾಗ ಭರ್ತಿಯಾಗಿತ್ತು. ಸಹಪಾಠಿಗಳು ಜೈಲು ನೋಡಲು ಹೋದಾಗಲೂ ನನ್ನ ತಪಾಸಣೆ ಮುಗಿದಿರಲಿಲ್ಲ. ಹೀಗಾಗಿ ಸ್ಟ್ರೇಂಜ್‌ವೇಸ್ ಎಂದು ಜನ ಕರೆಯುವ ಆ ಜೈಲಿನ ಎತ್ತರದ ಗೋಪುರವನ್ನು ನಾನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದು. ಕಾವಲು ಗೋಪುರ ಎಂದುಕೊಂಡಿದ್ದೆ. ಗಾಳಿಯಾಡಲು ಕಟ್ಟಿದ ಚಿಮಣಿಯಂತೆ. 1990ರ ಏಪ್ರಿಲಿನಲ್ಲಿ ಅಲ್ಲಿನ ಕೈದಿಗಳು ಛಾವಣಿ ಹತ್ತಿ 25 ದಿನ ಕೂತಿದ್ದರು. ಕೋಣೆಯೊಳಗೆ ಬಕೆಟ್ಟಿನಲ್ಲೇ ಶೌಚ ಮಾಡಬೇಕಿದ್ದ ಪದ್ಧತಿ ಕೊನೆಯಾಗಬೇಕೆಂದು ನ್ಯಾಯಮೂರ್ತಿ ವುಲ್ಫ್ ವರದಿ ಹೇಳಿದ್ದು ಆ ಗಲಭೆಯ ನಂತರ.

ಓದು ಮುಗಿದ ಮೇಲೆ ಎರಡು ವರ್ಷ ಅಲ್ಲಿ ಕೆಲಸ ಹುಡುಕಿಕೊಂಡು ಇರಬಹುದಿತ್ತು. ಆ ವೀಸಾಕ್ಕೆ 822 ಪೌಂಡ್, ಆರೋಗ್ಯ ಸೇವೆಗೆ ವರ್ಷಕ್ಕೆ 1,035ರಂತೆ ಎರಡು ವರ್ಷದ್ದು, ಒಟ್ಟು 2,892. ಮೂರು ಲಕ್ಷ ರೂಪಾಯಿಗಿಂತ ಹೆಚ್ಚು, ಕೆಲಸ ಸಿಗುವ ಮೊದಲೇ. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಆ ಎರಡು ವರ್ಷ ಹದಿನೆಂಟು ತಿಂಗಳಿಗೆ ಇಳಿಯುತ್ತದೆ; ಶನಿವಾರ ಹೋಟೆಲಿಗೆ ಹೋಗುವವರು ಇದನ್ನು ಬರೆದಿಟ್ಟುಕೊಳ್ಳಲಿ. ನನ್ನ ನೈಜೀರಿಯಾದ ಗೆಳತಿ ಉಳಿದಳು, ಈಗ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ನಾನು 2025ರ ಜನವರಿಯಲ್ಲಿ ಮರಳಿದೆ.

ಇಲ್ಲಿ ಇನ್ನೊಂದು ನಾಟಕ. ಪಿಎಸ್‌ಐ ಪರೀಕ್ಷೆಗೆ ಯಾವುದೇ ಪದವಿ ಸಾಕು. ನನ್ನ ಸ್ನಾತಕೋತ್ತರಕ್ಕೆ ಅಲ್ಲಿ ಬೆಲೆಯಿಲ್ಲ. ನ್ಯಾಯ ಸಂಹಿತೆಯ ಜತೆಗೇ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದಿದೆ. ಅದಕ್ಕೆ ವಿಜ್ಞಾನ ಓದಿದವರು ಬೇಕು. ಒಂದು ವರ್ಷದ ಬ್ರಿಟಿಷ್ ಸ್ನಾತಕೋತ್ತರಕ್ಕೆ 2022ರ ಜುಲೈನಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾಗಿ ಮಾನ್ಯತೆ ಸಿಕ್ಕಿರುವುದು ನಿಜ, ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರ ಒಂದು ವಿಷಯವಾಗಿರುವುದೂ ನಿಜ. ಆದರೆ ಜಿಲ್ಲೆಯೊಂದರ ಕಚೇರಿಯಲ್ಲಿ ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಗುತ್ತಿಗೆ ಹುದ್ದೆಗೆ ಅರ್ಜಿ ಕೊಟ್ಟಾಗ ಗುಮಾಸ್ತರು ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ನೀವು ಓದಿದ್ದು ಬಿ.ಎ., ಇದು ಎಂ.ಎಸ್ಸಿ. ಎಂದಿದೆಯಲ್ಲ, ಹೇಗಮ್ಮಾ?’ ಅಲ್ಲಿ ಸಮಾಜವಿಜ್ಞಾನಕ್ಕೂ ಎಂ.ಎಸ್ಸಿ. ಕೊಡುತ್ತಾರೆ ಎಂದೆ. ‘ಸಂಬಂಧಿತ ವಿಷಯ ಎಂದಿದೆ. ಕ್ರಿಮಿನಲ್ಲು ಇದಕ್ಕೆ ಸಂಬಂಧಪಡುತ್ತದೆಯೇ ಎಂದು ಮೇಲಿನವರನ್ನು ಕೇಳಬೇಕು.’ ಇನ್ನೂ ಕೇಳುತ್ತಿದ್ದಾರೆ.

ಈಗ ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿದ್ದೇನೆ. ಬಾಲನ್ಯಾಯ ಮಂಡಳಿಯ ಮುಂದೆ ಬರುವ ಮಕ್ಕಳ ಮನೆಗಳಿಗೆ ಹೋಗಿ ತಂದೆತಾಯಿಯರನ್ನು ಮಾತನಾಡಿಸುವುದು ನನ್ನ ಕೆಲಸ. ಸಂಬಳ 22 ಸಾವಿರ. ಕಂತಿನ ಉಳಿದ 12 ಸಾವಿರ ಅಪ್ಪನ ಪಿಂಚಣಿಯಿಂದ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮೊದಲು ಹಾಜರುಪಡಿಸಿದ 15 ದಿನಗಳಲ್ಲಿ ಅದರ ಸಾಮಾಜಿಕ ತನಿಖಾ ವರದಿ ಬರಬೇಕು: ಮಗುವಿನ ಮನೆ, ಶಾಲೆ, ಗೆಳೆಯರು, ಏಕೆ ಹೀಗಾಯಿತು. ಮೊದಲ ವಾರ ನನ್ನ ಕೈಗೆ ಬಂದ ಒಂದು ವರದಿ ಹೀಗಿತ್ತು: ‘ಕುಟುಂಬದ ಹಿನ್ನೆಲೆ: ಬಡವರು. ನೆರೆಹೊರೆ: ಸರಿಯಿಲ್ಲ.’ ಮುಗಿಯಿತು. ಆ ಹುಡುಗನ ನೆರೆಹೊರೆ ಯಾವುದೆಂದು ವಿಳಾಸ ನೋಡಿದೆ. ನೀವು ಊಹಿಸಿದ್ದು ಸರಿ.

ನನ್ನ ಪ್ರಕಾರ ಅಪರಾಧಶಾಸ್ತ್ರ ಓದಿದವರು ಇರಬೇಕಾದ ಜಾಗ ಇದು. ‘ಸರಿಯಿಲ್ಲ’ ಎಂಬ ಒಂದು ಮಾತಿನ ಹಿಂದೆ ನೂರು ವರ್ಷದ ಹಾಜರಿ ಪುಸ್ತಕ ಇದೆ ಎಂದು ಗೊತ್ತಿದ್ದವರು ಆ ವರದಿ ಬರೆಯಬೇಕು. ಗೃಹ ಇಲಾಖೆಯೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ತಮ್ಮ ನೇಮಕಾತಿ ನಿಯಮಗಳಲ್ಲಿ ‘ಅಪರಾಧಶಾಸ್ತ್ರ’ ಎಂಬ ಪದವನ್ನು ಬಿಡಿಸಿ ಬರೆದರೆ ಗುಮಾಸ್ತರು ಮೇಲಿನವರನ್ನು ಕೇಳುವ ತೊಂದರೆ ತಪ್ಪುತ್ತದೆ. ಇದನ್ನು ಓದಲು ಮನೆಪತ್ರ ಅಡ ಇಡಬೇಕಾದ್ದೂ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವಿದೆ; ನಮ್ಮ ಮನೆಯಿಂದ ಚಿಗರಿ ಬಸ್ಸು ಹತ್ತಿದರೆ ಒಂದು ಗಂಟೆ. ಹೋಟೆಲಿನಲ್ಲಿ ಚಹಾ ಕೊಡುವವರು ಧಾರವಾಡದ ಹೆಸರು ಎತ್ತುವುದಿಲ್ಲ. ವಿದ್ಯಾರ್ಥಿಯೊಬ್ಬರನ್ನು ಸೇರಿಸಿದರೆ ವಿದೇಶಿ ವಿಶ್ವವಿದ್ಯಾಲಯ ಅವರಿಗೆ ಕಮಿಷನ್ ಕೊಡುತ್ತದೆ, ಧಾರವಾಡ ಕೊಡುವುದಿಲ್ಲ.

ಹಾಗಾದರೆ ಹೋಗಿದ್ದು ದಂಡವೇ ಎಂದು ಚಿಕ್ಕಮ್ಮ ಕೇಳುತ್ತಾಳೆ. ಹೌದು ಎನ್ನಲು ಬಾಯಿ ಬರುವುದಿಲ್ಲ. ಇಲ್ಲೇ ಇದ್ದಿದ್ದರೆ ಅಪ್ಪನಿಗೆ ಆ ಜೀಪಿನ ಪ್ರಶ್ನೆ ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಪ್ರತಿ ತಿಂಗಳು 5ನೇ ತಾರೀಖು ಬ್ಯಾಂಕಿನ ಸಂದೇಶ ಬಂದಾಗ ಬೇರೆ ಏನೋ ಅನ್ನಿಸುತ್ತದೆ.

ಶನಿವಾರ ನಾನೂ ಆ ಹೋಟೆಲಿಗೆ ಹೋಗುತ್ತೇನೆ, ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಅಪ್ಪನೂ ಬರುತ್ತಾರಂತೆ, ಇಸ್ತ್ರಿ ಮಾಡಿಸಲು ಬಿಳಿ ಅಂಗಿ ಕೊಟ್ಟು ಬಂದಿದ್ದಾರೆ. ‘ತನಿಖಾಧಿಕಾರಿ ಎಂದಿದ್ದೀರಲ್ಲ, ಯಾವ ಠಾಣೆಯಲ್ಲಿ?’ ಎಂಬ ಪ್ರಶ್ನೆಯನ್ನು ನಾನೇ ಕೇಳುತ್ತೇನೆ, ನನಗೆ ಅಭ್ಯಾಸವಿದೆ ಎಂದಿದ್ದಾರೆ.

ಇಂತಿ ತಮ್ಮ ಓದುಗಾರ್ತಿ,
ನಿವೃತ್ತ ಎಎಸ್‌ಐ ಒಬ್ಬರ ಮಗಳು
ಹುಬ್ಬಳ್ಳಿ